ಅಪ್ಪ ಎಳೆದ ಎರಡನೇ ಲೈನ್

‘ಕಚ್ಚಾ ತೈಲದ ಹಳೆಯ ಪೈಪ್‌ಲೈನ್ ಇದೆ. ಅದರ ಸಾಮರ್ಥ್ಯ ಮೂರು ಪಟ್ಟು ಆಗಬೇಕು. ಏನು ಮಾಡ್ತೀರಿ?’

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಎದುರಿಸಿದ ಮೊದಲ ಸಂದರ್ಶನದ ಪ್ರಶ್ನೆ ಇದು. ‘ದೊಡ್ಡ ಪಂಪ್ ಹಾಕ್ತೀನಿ ಸರ್’ ಎಂದೆ. ‘ಆಗ ಪೈಪ್ ಗತಿ?’ ಎಂದು ನಕ್ಕರು. ನನ್ನ ಬಾಯಿ ಕಟ್ಟಿತು. ಕೆಲಸವೂ ಸಿಗಲಿಲ್ಲ.

ಪೆಚ್ಚು ಮೋರೆ ಹಾಕಿಕೊಂಡು ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಅಡಿಕೆ ತೋಟದ ಕೊನೆಯ ಸಾಲಿನ ಸ್ಪ್ರಿಂಕ್ಲರ್‌ಗಳು ತಿರುಗುತ್ತಲೇ ಇರಲಿಲ್ಲ. ಅಲ್ಲೂ ಅದೇ ಸಲಹೆ ಕೊಟ್ಟೆ: ‘ದೊಡ್ಡ ಮೋಟರ್ ತರೋಣ.’ ಅಪ್ಪ ತಲೆ ಅಲ್ಲಾಡಿಸಿದರು. ‘ಮೋಟರ್ ಜೋರಾದ್ರೆ ಹಳೇ ಪೈಪ್ ಒಡೆಯುತ್ತೆ ಮಾರಾಯ. ಪಕ್ಕದಲ್ಲೇ ಇನ್ನೊಂದು ಲೈನ್ ಎಳೆದ್ರಾಯ್ತು.’

ಆ ರಾತ್ರಿ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದ ದೂಳು ಕೊಡವಿದೆ. ಒಂದೇ ಪೈಪಿನಲ್ಲಿ ಹರಿವು ಎರಡು ಪಟ್ಟಾದರೆ, ಘರ್ಷಣೆಗೆ ಕಳೆದುಹೋಗುವ ಒತ್ತಡ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಅಷ್ಟು ಒತ್ತಡವನ್ನು ಹಳೆಯ ಪೈಪ್ ತಾಳಬೇಕಲ್ಲ! ಘರ್ಷಣೆ ತಗ್ಗಿಸುವ ಪಾಲಿಮರ್ ಬೆರೆಸುವುದು ಒಂದು ದಾರಿ. ಅಲಾಸ್ಕಾದ ಪೈಪ್‌ಲೈನ್‌ನಲ್ಲಿ 1979ರಲ್ಲೇ ಅದನ್ನು ಬಳಸಿದ್ದರು. ಆದರೆ ಮೂರು ಪಟ್ಟು ಬೇಕೆಂದರೆ ಅಪ್ಪನ ದಾರಿಯೇ ಸರಿ.

ಕೆನಡಾದ ಟ್ರಾನ್ಸ್ ಮೌಂಟೇನ್ ಪೈಪ್‌ಲೈನ್‌ಗೂ ಹಾಗೆಯೇ ಮಾಡಿದರು. ಎಡ್ಮಂಟನ್‌ನಿಂದ ಪಶ್ಚಿಮ ಕರಾವಳಿಯ ಬರ್ನಬಿವರೆಗೆ ಸುಮಾರು 1,150 ಕಿ.ಮೀ. ಉದ್ದದ ಈ ಮಾರ್ಗ 1953ರದ್ದು. ಅದರ ಜೊತೆಗೆ ಇನ್ನೊಂದು ಕೊಳವೆ ಹಾಕಿ, 12 ಹೊಸ ಪಂಪ್ ಸ್ಟೇಷನ್ ಕಟ್ಟಿದರು. ದಿನಕ್ಕೆ 3 ಲಕ್ಷ ಬ್ಯಾರೆಲ್ ಇದ್ದ ಸಾಮರ್ಥ್ಯ 8.9 ಲಕ್ಷಕ್ಕೆ ಏರಿತು.

ಓದುತ್ತಾ ಹೋದಂತೆ, ಪೈಪ್ ಹೂಳುವುದು ಅರ್ಧ ಕೆಲಸ ಮಾತ್ರ ಎನಿಸಿತು. 2018ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಲಯ ಯೋಜನೆಯ ಅನುಮತಿಯನ್ನೇ ರದ್ದು ಮಾಡಿತ್ತು. ಮೂಲನಿವಾಸಿ ಸಮುದಾಯಗಳ ಜೊತೆ ಸರಿಯಾಗಿ ಸಮಾಲೋಚಿಸಿಲ್ಲ, ಸಮುದ್ರದಲ್ಲಿ ಹೆಚ್ಚುವ ಟ್ಯಾಂಕರ್ ಸಂಚಾರದ ಪರಿಣಾಮ ಪರಿಶೀಲಿಸಿಲ್ಲ ಎಂಬುದು ಕಾರಣ. 2019ರಲ್ಲಿ ಮತ್ತೆ ಅನುಮತಿ ಸಿಕ್ಕಿ, ತೈಲ ಹರಿಯುವಷ್ಟರಲ್ಲಿ 2024ರ ಮೇ ಬಂದಿತ್ತು. 2017ರಲ್ಲಿ 740 ಕೋಟಿ ಕೆನಡಾ ಡಾಲರ್ ಎಂದಿದ್ದ ವೆಚ್ಚ, ನಾನಾ ಕಾರಣಗಳಿಂದ ಸುಮಾರು 3,400 ಕೋಟಿಗೆ ಮುಟ್ಟಿತ್ತು.

ಮರುದಿನ ಬೆಳಿಗ್ಗೆ ಪಿಕಾಸಿ ಹಿಡಿದು ಹೊರಟಿದ್ದ ನನ್ನನ್ನು ಅಪ್ಪ ತಡೆದರು. ನಮ್ಮ ಹೊಸ ಲೈನ್ ಪಕ್ಕದ ತೋಟದ ಅಂಚಿನಲ್ಲಿ ಹಾಯಬೇಕಿತ್ತು. ‘ಮೊದಲು ಅವರ ಹತ್ರ ಕೇಳಿ ಬರೋಣ.’ ಅವರು ಬೇಡವೆನ್ನಲಿಲ್ಲ. ಹಲಸಿನ ಮರದ ಬೇರಿಗೆ ಪೆಟ್ಟಾಗದಂತೆ ಸುತ್ತಿಸಿ ಹಾಕಿ ಎಂದರಷ್ಟೆ. ನಾಲ್ಕು ಪೈಪ್ ಹೆಚ್ಚಿಗೆ ಬೇಕಾಯಿತು. ಅಪ್ಪ ಗೊಣಗದೆ ತಂದರು.

ಕಳೆದ ತಿಂಗಳು ಬೇರೊಂದು ಕಂಪನಿಯ ಸಂದರ್ಶನದಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಎದುರಾಯಿತು. ಒತ್ತಡ, ಪಾಲಿಮರ್, ಎರಡನೇ ಕೊಳವೆ ಎಲ್ಲ ವಿವರಿಸಿದೆ. ಕೊನೆಗೆ, ‘ಅಗೆಯುವ ಮುಂಚೆ ಆ ನೆಲದವರನ್ನು ಕೇಳ್ತೀನಿ ಸರ್, ಅವರು ಹೇಳಿದ್ದನ್ನು ಖರ್ಚಿನ ಲೆಕ್ಕಕ್ಕೆ ಮೊದಲೇ ಸೇರಿಸ್ತೀನಿ’ ಎಂದೆ. ಈ ಸಲ ಯಾರೂ ನಗಲಿಲ್ಲ. ಒಬ್ಬರು ಏನೋ ಬರೆದುಕೊಂಡರು.

ಫಲಿತಾಂಶ ಇನ್ನೂ ಬಂದಿಲ್ಲ. ಕೊನೆಯ ಸಾಲಿನ ಸ್ಪ್ರಿಂಕ್ಲರ್‌ಗಳಂತೂ ತಿರುಗುತ್ತಿವೆ.