ಮುರಿಯದ ಮೂಳೆಗಳ ಸಂಕಟ

ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯದ ಕೆಲವು ಮನೆತನಗಳಲ್ಲಿ ಎಂಥ ಪೆಟ್ಟು ಬಿದ್ದರೂ ಸುಲಭಕ್ಕೆ ಮೂಳೆ ಮುರಿಯದವರು ಇದ್ದಾರೆ. ವರ ಎನ್ನೋಣವೇ? ಅಲ್ಲ, ಅದು ಸ್ಕ್ಲೀರೋಸ್ಟಿಯೋಸಿಸ್ ಎಂಬ ಅಪರೂಪದ ವಂಶಪಾರಂಪರ್ಯ ಕಾಯಿಲೆ.

ಈ ಕಾಯಿಲೆಯ ಮಕ್ಕಳಲ್ಲಿ ಹಲವರಿಗೆ ಹುಟ್ಟುವಾಗಲೇ ಕೈಬೆರಳುಗಳು ಕೂಡಿಕೊಂಡಿರುತ್ತವೆ. ಬೆಳೆಯುತ್ತ ಅವರು ತುಂಬಾ ಎತ್ತರವಾಗುತ್ತಾರೆ, ಹಣೆ ಉಬ್ಬುತ್ತದೆ, ದವಡೆ ಮುಂದೆ ಬರುತ್ತದೆ. ತಲೆಬುರುಡೆ ಒಳಮುಖವಾಗಿಯೂ ದಪ್ಪವಾಗುವುದೇ ನಿಜವಾದ ಅಪಾಯ. ಮುಖದ ನರ, ಕಿವಿಯ ನರ ಹಾಯುವ ಕಿಂಡಿಗಳು ಕಿರಿದಾಗಿ ಬಾಯಿ ಸೊಟ್ಟಗಾಗುತ್ತದೆ, ಕಿವಿ ಮಂದವಾಗುತ್ತದೆ. ಮಿದುಳಿಗೇ ಜಾಗ ಸಾಲದೆ ಒತ್ತಡ ಏರಿ, ಇದ್ದಕ್ಕಿದ್ದಂತೆ ಪ್ರಾಣ ಬಿಟ್ಟವರೂ ಇದ್ದಾರೆ.

ಕಾರಣವಾದ ಜೀನ್ ಪತ್ತೆಯಾದದ್ದು 2001ರಲ್ಲಿ. ನಮ್ಮ ಮೂಳೆ ಜೀವನವಿಡೀ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಮೂಳೆಯೊಳಗೆ ಹೂತುಕೊಂಡಿರುವ ಜೀವಕೋಶಗಳು ಸ್ಕ್ಲೀರೋಸ್ಟಿನ್ ಎಂಬ ಪ್ರೋಟೀನು ಸ್ರವಿಸಿ, ಮೂಳೆ ಕಟ್ಟುವ ಕೋಶಗಳಿಗೆ ‘ಸಾಕು, ನಿಲ್ಲಿಸಿ’ ಎನ್ನುತ್ತವೆ. ಮೂಳೆಯ ಮೇಲೆ ಭಾರ ಬಿದ್ದಾಗ ಈ ಪ್ರೋಟೀನು ಕಡಿಮೆಯಾಗುತ್ತದೆ. ದುಡಿಯುವ ಮೈಯ ಮೂಳೆ ಗಟ್ಟಿ ಎನ್ನುವುದಕ್ಕೆ ಇದೂ ಒಂದು ಕಾರಣ. ಈ ರೋಗಿಗಳಲ್ಲಿ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನೇ ಬಂದಿರುವುದರಿಂದ ‘ಸಾಕು’ ಎನ್ನುವವರೇ ಇಲ್ಲ.

ನೆದರ್ಲೆಂಡ್ಸ್‌ನ ಉರ್ಕ್ ಎಂಬ ಮೀನುಗಾರರ ಊರಿನಲ್ಲಿ ಇದರದೇ ಸೌಮ್ಯ ರೂಪ ಕಾಣಿಸಿಕೊಂಡಿತ್ತು. ಅದನ್ನು 1955ರಲ್ಲಿ ವರ್ಣಿಸಿದ ವೈದ್ಯ ವಾನ್ ಬುಕೆಮ್ ಅವರ ಹೆಸರೇ ಕಾಯಿಲೆಗೂ ಬಂತು. ಇಲ್ಲಿ ತಮಾಷೆಯೆಂದರೆ ಜೀನ್ ಸರಿಯಾಗಿಯೇ ಇದೆ. ಅದರಿಂದ ತುಸು ದೂರದಲ್ಲಿ ಡಿಎನ್‌ಎಯ ಸುಮಾರು 52 ಸಾವಿರ ಅಕ್ಷರಗಳಷ್ಟು ತುಣುಕು ಕಾಣೆಯಾಗಿದೆ. ಮೂಳೆಯಲ್ಲಿ ಆ ಜೀನನ್ನು ಚಾಲೂ ಮಾಡುವ ಸ್ವಿಚ್ಚು ಇದ್ದದ್ದು ಅಲ್ಲಿಯೇ.

ಔಷಧ ವಿಜ್ಞಾನಿಗಳ ಕಣ್ಣು ಬಿದ್ದದ್ದು ರೋಗಿಗಳ ಜೊತೆಗೆ ಅವರ ಅಪ್ಪ ಅಮ್ಮಂದಿರ ಮೇಲೂ. ಒಂದೇ ಕೆಟ್ಟ ಜೀನ್ ಇರುವ ಅವರಿಗೆ ಕಾಯಿಲೆಯಿಲ್ಲ, ಆದರೆ ಮೂಳೆಯ ಸಾಂದ್ರತೆ ಸಾಮಾನ್ಯರಿಗಿಂತ ಹೆಚ್ಚು. ಹಾಗಾದರೆ ಮೂಳೆ ಸವೆದವರಲ್ಲಿ ಸ್ಕ್ಲೀರೋಸ್ಟಿನ್ನನ್ನು ಸ್ವಲ್ಪ ಕಾಲ ತಡೆದರೆ? ಆ ಯೋಚನೆಯಿಂದ ಹುಟ್ಟಿದ ರೊಮೊಸೋಜುಮ್ಯಾಬ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಟ್ಟು ನಿಂತು, ಮೂಳೆ ಮುರಿಯುವ ಅಪಾಯ ಹೆಚ್ಚಿರುವ ಹೆಂಗಸರಿಗೆ ತಿಂಗಳಿಗೊಮ್ಮೆಯಂತೆ ಒಂದು ವರ್ಷ ಕೊಡುತ್ತಾರೆ. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದವರಿಗೆ ಕೊಡಬಾರದೆಂಬ ಎಚ್ಚರಿಕೆಯೂ ಉಂಟು.

ಈ ಮದ್ದಿಗೆ ದಾರಿ ತೋರಿಸಿದ ಮನೆತನಗಳ ರೋಗಿಗಳಿಗೆ ಮಾತ್ರ ಇದರಿಂದ ಉಪಯೋಗವಿಲ್ಲ. ತಡೆಯಲು ಅವರಲ್ಲಿ ಸ್ಕ್ಲೀರೋಸ್ಟಿನ್ನೇ ಇಲ್ಲ. ಬುರುಡೆಯ ಮೂಳೆ ತೆಗೆದು ನರಗಳಿಗೆ, ಮಿದುಳಿಗೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆಯೇ ಅವರಿಗಿರುವ ಮುಖ್ಯ ಚಿಕಿತ್ಸೆ.