ನಿಮಗಿದು ಗೊತ್ತೇ? ಅರಗಿನ ಪ್ಲೇಟು, ಉಕ್ಕಿನ ಮುಳ್ಳು

ಕೇರಳದ ಕೊಟ್ಟಾಯಂ ಜಿಲ್ಲೆಯ ಪ್ಲಾಶನಾಲ್ ಎಂಬ ಹಳ್ಳಿಯಲ್ಲಿ ಹಳೆಯ ಗ್ರಾಮಫೋನು, ಪ್ಲೇಟುಗಳಿಗೆಂದೇ ಒಂದು ಖಾಸಗಿ ಮ್ಯೂಸಿಯಂ ಇದೆ. ಹೆಸರು ‘ಡಿಸ್ಕ್ಸ್ ಅಂಡ್ ಮೆಷೀನ್ಸ್’. 2015ರಲ್ಲಿ ಶುರುವಾಯಿತು. ಇಂಥ ಕಡೆ ಹಿತ್ತಾಳೆ ಕಹಳೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡುವವರೇ ಹೆಚ್ಚು. ಸ್ವಲ್ಪ ನಿಂತು ಕೇಳಿದರೆ ಎಷ್ಟೊಂದು ಸಂಗತಿ ಸಿಗುತ್ತದೆ!

ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಕಾಡಿನ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟಿಗೆ ಕಲ್ಲಿನ ಪುಡಿ, ಕಪ್ಪು ಬಣ್ಣ ಬೆರೆಸಿ ಅಚ್ಚೊತ್ತುತ್ತಿದ್ದರು. ಅರಗಿನ ದೊಡ್ಡ ಮೂಲ ಭಾರತ. ಎರಡನೇ ಮಹಾಯುದ್ಧದಲ್ಲಿ ಅರಗಿಗೆ ಬರ ಬಂದಾಗ ಬ್ರಿಟನ್, ಅಮೆರಿಕಗಳಲ್ಲಿ ಹೊಸ ಪ್ಲೇಟು ಬೇಕೆಂದರೆ ಹಳೆಯದನ್ನು ತಂದುಕೊಡಿ ಎನ್ನುವ ಅಂಗಡಿಗಳಿದ್ದವು.

ಕಲ್ಲಿನ ಪುಡಿ ಯಾಕೆ? ಪ್ಲೇಟಿನ ಮೇಲೆ ಓಡುವ ಮುಳ್ಳನ್ನು ಸವೆಸಲಿಕ್ಕೆ! ಹೊಸ ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲೇ ತಿಕ್ಕಿಸಿಕೊಂಡು ಪ್ಲೇಟಿನ ಗೆರೆಯ ಆಕಾರಕ್ಕೆ ಬರುತ್ತಿತ್ತು, ಆಮೇಲೆ ಗೆರೆಗೆ ಸರಿಯಾಗಿ ಕೂತು ಓಡುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಅದರ ತುದಿ ಉಳಿಯಂತೆ ಹರಿತವಾಗಿರುತ್ತಿತ್ತು. ಅದನ್ನೇ ಮತ್ತೆ ಬಳಸಿದರೆ ಪ್ಲೇಟೇ ಹಾಳು. ಹಾಗಾಗಿ ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬುದು ನಿಯಮ. ಮ್ಯೂಸಿಯಮ್ಮುಗಳಲ್ಲಿ ಕಾಣುವ ಬಣ್ಣಬಣ್ಣದ ಪುಟಾಣಿ ತಗಡಿನ ಡಬ್ಬಿಗಳು ಈ ಮುಳ್ಳಿನವು. ಒಂದೊಂದರಲ್ಲಿ ಸಾಮಾನ್ಯವಾಗಿ 200 ಮುಳ್ಳು. ನಮ್ಮ ಜಿಪುಣ ಮನೆಗಳಲ್ಲಿ ಈ ನಿಯಮ ಎಷ್ಟು ನಡೆಯಿತೋ, ಆ ಕಾಲದ ಪ್ಲೇಟುಗಳ ಗರಗರ ಸದ್ದೇ ಹೇಳುತ್ತದೆ.

ಕೀಲಿ ಕೊಡುವ ಗ್ರಾಮಫೋನಿಗೆ ವಾಲ್ಯೂಮ್ ಗುಂಡಿ ಇಲ್ಲ. ಜೋರಾಗಿ ಕೇಳಬೇಕೆಂದರೆ ದಪ್ಪ ಮುಳ್ಳು, ಮೆಲ್ಲಗೆ ಬೇಕೆಂದರೆ ತೆಳು ಮುಳ್ಳು.

ಫ್ರಾನ್ಸಿನ ಪಾಥೆ ಕಂಪನಿಯ ಮೊದಮೊದಲ ಪ್ಲೇಟುಗಳಲ್ಲಿ ಮುಳ್ಳು ಒಳಗಿನಿಂದ ಹೊರಕ್ಕೆ ಓಡುತ್ತಿತ್ತು.

ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹಾಡುವ ಹಿಂದೂಸ್ತಾನಿ ಗಾಯಕರಿಗೆ ಇದು ಪೇಚಾಟ. ಗೆದ್ದವರು ಗೌಹರ್ ಜಾನ್. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಈಕೆಯ ಹಾಡನ್ನು ಮುದ್ರಿಸಿಕೊಂಡರು. ಹಾಡಿನ ಕೊನೆಗೆ ಗೌಹರ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಠೀವಿ ಅನಿಸಬಹುದು. ಆದರೆ ಆಗ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಈ ಮಹಾಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಎಚ್‌ಎಂವಿ ಪ್ಲೇಟಿನ ಮೇಲಿನ ನಾಯಿಯ ಹೆಸರು ನಿಪ್ಪರ್. ಫ್ರಾನ್ಸಿಸ್ ಬರಾಡ್ ಮೊದಲು ಬರೆದ ಚಿತ್ರದಲ್ಲಿ ಅದರ ಮುಂದಿದ್ದದ್ದು ಎಡಿಸನ್ನನ ಫೋನೋಗ್ರಾಫು. ಗ್ರಾಮಫೋನ್ ಕಂಪನಿ ಚಿತ್ರ ಕೊಳ್ಳುವ ಮೊದಲು ಅದರ ಮೇಲೆ ತನ್ನ ಯಂತ್ರವನ್ನು ಬರೆಸಿತು!

ಇನ್ನು ಗ್ರಾಮಫೋನಿನ ಜೊತೆಗಾರ ರೇಡಿಯೊ. ಕರೆಂಟೂ ಬೇಡ, ಬ್ಯಾಟರಿಯೂ ಬೇಡ ಎನ್ನುವ ರೇಡಿಯೊ ಇತ್ತು, ಕ್ರಿಸ್ಟಲ್ ಸೆಟ್. ರೇಡಿಯೊ ಅಲೆಯಲ್ಲಿರುವ ಶಕ್ತಿಯೇ ಕಿವಿಗೆ ಹಚ್ಚಿದ ಹೆಡ್‌ಫೋನಿಗೆ ಸಾಕು. ಇಂಥ ಹರಳಿನ ಅಲೆಶೋಧಕಕ್ಕೆ ಜಗದೀಶಚಂದ್ರ ಬೋಸರಿಗೆ 1904ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು.

ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರೇ ಮುಂದೆ ದೇಶದ ಬಾನುಲಿಗೂ ಬಂತು. ಬೆಳಿಗ್ಗೆ ನಾವು ಕೇಳುವ ಆಕಾಶವಾಣಿಯ ಮುದ್ರಿಕಾ ಸಂಗೀತವನ್ನು ರಚಿಸಿದವರು ಯುರೋಪಿನಿಂದ ಮುಂಬಯಿಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್.

ಕೆಲವು ವಾಲ್ವ್ ರೇಡಿಯೊಗಳಿಗೆ ಹಸಿರು ‘ಮ್ಯಾಜಿಕ್ ಐ’ ಇರುತ್ತದೆ. ಸ್ಟೇಷನ್ ಸರಿಯಾಗಿ ಸಿಕ್ಕಿತೆಂದರೆ ಅದರ ನೆರಳಿನ ಸೀಳು ಕಿರಿದಾಗುತ್ತದೆ. ಕಿವಿಗಿಂತ ಕಣ್ಣಿಗೇ ಕೆಲಸ.

ಮನೆಯಲ್ಲಿ ರೇಡಿಯೊ ಇಡಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು, ವರ್ಷವರ್ಷ ನವೀಕರಿಸಬೇಕಿತ್ತು. 1980ರ ದಶಕದಲ್ಲಿ ಆ ಕಾಟ ತಪ್ಪಿತು.

ಅಟ್ಟದ ಮೇಲೆ 78 ಸುತ್ತಿನ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಸ್ಪಿರಿಟ್ ಹಚ್ಚಿ ಮಾತ್ರ ಒರೆಸಲೇಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ.