ಚರಗಕ್ಕೆ ಬಂದ ಅತಿಥಿ

‘ನಿಮ್ಮೂರಲ್ಲಿ ನೋಡೋಕೆ ಏನಿದೆ?’

ಬೆಂಗಳೂರಿನ ಪಿ.ಜಿ.ಯಲ್ಲಿ ನನ್ನ ರೂಮ್‌ಮೇಟ್ ಹೀಗೆ ಕೇಳಿದಾಗ ಯೋಚನೆಯನ್ನೂ ಮಾಡದೆ ‘ಏನಿಲ್ಲ’ ಎಂದಿದ್ದೆ. ಹೆಚ್ಚೆಂದರೆ ಗೋಕಾಕ ಫಾಲ್ಸ್, ಇಲ್ಲವೇ ಕರದಂಟು. ಮೂಡಲಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕಬ್ಬು ಬಿಟ್ಟರೆ ಮತ್ತೇನಿದೆ ಎಂಬುದೇ ನನ್ನ ತಿಳಿವಳಿಕೆಯಾಗಿತ್ತು.

ಅವಳು ಕೋಲಾರದವಳು. ಕೆಲಸ ಸಿಗಲು ಅನುಕೂಲವಾಗಲಿ ಎಂದು ಜಪಾನಿ ಭಾಷೆ ಕಲಿಯುತ್ತಿದ್ದಳು. 2025ರ ಸೆಪ್ಟೆಂಬರ್‌ನಲ್ಲಿ ಅವಳ ಪಾಠ ಜಪಾನಿನ ಶರತ್ಕಾಲಕ್ಕೆ ಬಂದಿತ್ತು. ಮೇಪಲ್ ಎಲೆ ಕೆಂಪಾಗುವುದನ್ನು ನೋಡಲು ಹೋಗುವುದಕ್ಕೂ ಅವರಲ್ಲಿ ಒಂದು ಹೆಸರಿದೆಯಂತೆ: ಮೊಮಿಜಿಗಾರಿ. ಉತ್ತರದ ಹೊಕ್ಕೈಡೊದಲ್ಲಿ ಸೆಪ್ಟೆಂಬರ್‌ನಲ್ಲೇ ಶುರುವಾಗುವ ಬಣ್ಣ ಕ್ಯೋಟೊ ತಲುಪುವಾಗ ನವೆಂಬರ್ ಕೊನೆಯಾಗುತ್ತದೆ. ಯಾವ ಊರಲ್ಲಿ ಯಾವಾಗ ಎಲೆ ಕೆಂಪಾಗುತ್ತದೆ ಎಂಬ ಮುನ್ಸೂಚನೆಯೂ ಪ್ರಕಟವಾಗುತ್ತದೆ. ಇನ್ನೊಂದು, ತ್ಸುಕಿಮಿ. ಹುಣ್ಣಿಮೆಯ ರಾತ್ರಿ ಅಕ್ಕಿಹಿಟ್ಟಿನ ಉಂಡೆ, ಗೆಡ್ಡೆ, ತೆನೆಯಂತೆ ಕಾಣುವ ಹುಲ್ಲನ್ನು ಚಂದ್ರನ ಮುಂದಿಟ್ಟು ಬೆಳೆ ಕೊಟ್ಟದ್ದಕ್ಕೆ ಕೈಮುಗಿಯುವ ಹಬ್ಬ. ‘ಈ ಸಲ ಅಕ್ಟೋಬರ್ 6’ ಎಂದಳು.

ಅದೇ ರಾತ್ರಿ ಅವ್ವನ ಫೋನ್. ‘ಶೀಗಿ ಹುಣ್ಣಿಮಿಗೆ ಬರ್ತೀಯಿಲ್ಲೊ? 7ಕ್ಕ ಚರಗ ಐತಿ.’

ಕ್ಯಾಲೆಂಡರ್ ನೋಡಿದೆ. ಎರಡೂ ಒಂದೇ ಹುಣ್ಣಿಮೆ! ‘ನಿನ್ನ ಚಂದ್ರನನ್ನ ನಮ್ಮ ಹೊಲದಲ್ಲೇ ನೋಡು ಬಾ’ ಎಂದುಬಿಟ್ಟೆ. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಘಟಪ್ರಭಾದಲ್ಲಿ ಇಳಿದೆವು.

ಮೊದಲು ಗೋಕಾಕ ಫಾಲ್ಸ್‌ಗೆ ಹೋದೆವು. ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಕೆಳಗೆ ಧುಮುಕುತ್ತಾಳೆ. ಬಹಳ ಹಿಂದೆಯೇ ಇಲ್ಲಿ ನೀರಿನಿಂದ ವಿದ್ಯುತ್ ಮಾಡಿದ್ದರು ಎಂದು ನಾನು ಜಂಬದಿಂದ ಹೇಳಿದೆ. ನನಗೆ ಗೊತ್ತಿದ್ದದ್ದು ಅಷ್ಟೇ. ನನ್ನ ಬಂಡವಾಳ ಬಯಲಾದದ್ದು ಮರುದಿನ ಹೊಲದಲ್ಲಿ.

ಅವ್ವ, ಕಾಕು ಇಡೀ ರಾತ್ರಿ ಮಲಗಿರಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ ಎಲ್ಲ ಬುಟ್ಟಿ ತುಂಬಿ ಸಿದ್ಧವಾಗಿತ್ತು. ಮೊದಲಿನಂತೆ ಚಕ್ಕಡಿ ಇಲ್ಲ, ಟ್ರ್ಯಾಕ್ಟರ್ ಹತ್ತಿ ಹೊರಟೆವು. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ, ಅರಿಷಿಣ ಕುಂಕುಮ ಏರಿಸಿ ಪೂಜೆ ಮಾಡಿದರು.

‘ಐದೇ ಯಾಕೆ?’ ಗೆಳತಿ ಕೇಳಿದಳು. ನಾನು ಆಯಿಯ ಮುಖ ನೋಡಿದೆ.

‘ಪಾಂಡವರು ಯವ್ವಾ. ಅವರೂ ಹೊಲ ಕಳಕೊಂಡು ಅಡವಿ ತಿರುಗಿದವರಲ್ಲ?’

‘ಈ ಸೀರೆ ಯಾರಿಗೆ?’

‘ಭೂಮಿತಾಯಿಗೆ. ಬೆಳಿ ಹೊಟ್ಟಿಯೊಳಗ ಐತಿ. ಬಸುರಿಗೆ ಉಡಿ ತುಂಬೂದಿಲ್ಲೇನ?’

ಇಪ್ಪತ್ತೆರಡು ವರ್ಷ ಇದೇ ಗಿಡದ ಕೆಳಗೆ ಉಂಡವಳು ನಾನು. ಒಂದು ದಿನವೂ ಈ ಪ್ರಶ್ನೆ ಕೇಳಿರಲಿಲ್ಲ. ಹೊರಗಿನವಳೊಬ್ಬಳು ಬಂದು ಕೇಳಿದ ಮೇಲೆ ಉತ್ತರ ನನಗೂ ಸಿಕ್ಕಿತು.

ಆಮೇಲೆ ಚರಗ. ಎಲ್ಲ ಅಡುಗೆಯನ್ನೂ ಕಲಸಿ, ಅಪ್ಪ ಮುಂದೆ ಚೆಲ್ಲುತ್ತ ಹೋದರೆ ಹಿಂದೆ ತಮ್ಮ ನೀರು ಚಿಮುಕಿಸುತ್ತ ನಡೆದ. ಹೊಲದ ನಾಲ್ಕೂ ದಿಕ್ಕಿಗೆ ಕೂಗು ಎದ್ದಿತು. ಹಕ್ಕಿ, ಇರುವೆ, ಹುಳುಹುಪ್ಪಡಿ ಎಲ್ಲಕ್ಕೂ ಪಾಲು. ಬಳಿಕ ಊಟ. ಪಕ್ಕದ ಹೊಲದವರೂ ದಾರಿಯಲ್ಲಿ ಹೋಗುವವರೂ ಪಂಕ್ತಿಯಲ್ಲಿ ಸೇರಿದರು. ‘ಯಾರೂ ಟಿಕೆಟ್ ಕೇಳಲಿಲ್ಲ, ಯಾರ ಮನೆಯವಳು ಅಂತಲೂ ಕೇಳಲಿಲ್ಲ’ ಎಂದು ಗೆಳತಿ ಬೆರಗಾದಳು. ಚರಗದ ದಿನ ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿಯೇ ನಮ್ಮಲ್ಲಿಲ್ಲ.

ಕೈ ತೊಳೆಯುವಾಗ ಅಪ್ಪ ಕಾಕಾನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ‘ಮುಂದಿನ ವರ್ಸ ಲಾವಣಿಗೆ ಹಾಕಿಬಿಡೂನು. ಗೊಬ್ಬರ, ಆಳು, ಗಾಡಿ ಲೆಕ್ಕ ಹಾಕಿದ್ರ ಏನೂ ಉಳಿಯಂಗಿಲ್ಲ.’ ಹೊಲವನ್ನೇ ಲಾವಣಿಗೆ ಕೊಟ್ಟರೆ ಚರಗ ಚೆಲ್ಲುವುದು ಎಲ್ಲಿ? ಗೆಳತಿಗೆ ಆ ಮಾತು ತಿಳಿಯಲಿಲ್ಲ. ನಾನೂ ತಿಳಿಸಲಿಲ್ಲ. ಅತಿಥಿಗೆ ಹಬ್ಬವನ್ನಷ್ಟೇ ತೋರಿಸಬೇಕು ಎಂದುಕೊಂಡೆ.

ಮರುದಿನ ಹುಕ್ಕೇರಿಯ ಸೋದರತ್ತೆಯ ಮನೆಗೆ ಹೋದೆವು. ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ತೋರಿಸಿದೆ. ದಸರಾ ಮುಗಿದು ಐದಾರು ದಿನವಾಗಿದ್ದರೂ ಅತ್ತೆ ದೇವರ ಜಗಲಿಯಲ್ಲಿ ಎತ್ತಿಟ್ಟಿದ್ದ ಬನ್ನಿ ಎಲೆಯನ್ನು ಗೆಳತಿಯ ಕೈಗಿಟ್ಟು ‘ಬನ್ನಿ ತಗೊಂಡು ಬಂಗಾರದಂಗಿರೂನು’ ಎಂದರು. ಒಣಗಿದ ಆ ಎಲೆಗಳನ್ನು ಅವಳು ಜಪಾನಿ ಪುಸ್ತಕದೊಳಗೆ ಇಟ್ಟುಕೊಂಡಳು.

ಹಬ್ಬದ ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಕ್ಟೋಬರ್ 30ರಂದು ನಮ್ಮ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರ ಧರಣಿ ಶುರುವಾಯಿತು. ಟನ್ನಿಗೆ 3,500 ರೂಪಾಯಿ ಬೇಕೆಂಬ ಬೇಡಿಕೆ. ಅಪ್ಪನೂ ಅಲ್ಲೇ ಕುಳಿತರು. ನವೆಂಬರ್ 5ರ ಗೌರಿ ಹುಣ್ಣಿಮೆಗೆ ಕಾಕಾನ ಮಗಳು ಸಕ್ಕರೆ ಆರತಿ ಹಿಡಿದು ಗೌರಿಯ ಮುಂದೆ ನಿಂತ ಫೋಟೊ ನನಗೆ ಬಂತು. ಮನೆಯ ಗಂಡಸರು ಯಾರೂ ಅದರಲ್ಲಿರಲಿಲ್ಲ.

ಪಿ.ಜಿ.ಯಲ್ಲಿ ಟಿ.ವಿ. ನೋಡುತ್ತಿದ್ದ ಗೆಳತಿ ಓಡಿ ಬಂದಳು. ‘ಮೂಡಲಗಿ ಅಂತಿದ್ದಾರೆ! ನಾವು ಊಟ ಮಾಡಿದ ಹೊಲದ ಕಬ್ಬಿಗಾ ಇದು?’

ಆಗ ಎಲ್ಲ ಹೇಳಿದೆ. ಲಾವಣಿಯ ಮಾತನ್ನೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ‘ಅವತ್ತೇ ಹೇಳಬೇಕಿತ್ತು’ ಎಂದಳು ಕೊನೆಗೆ. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ದರ ಪ್ರಕಟಿಸಿದಾಗ ನನಗಿಂತ ಮೊದಲು ಮೆಸೇಜ್ ಮಾಡಿದವಳು ಅವಳೇ.

ನಮ್ಮೂರಲ್ಲಿ ಏನಿಲ್ಲ ಎಂದು ನಾನು ಈಗ ಹೇಳುವುದಿಲ್ಲ. ಜಪಾನಿನವರಲ್ಲಿ ಎಲೆ ಕೆಂಪಾಗುವುದಕ್ಕೂ ಪಟ್ಟಿಯಿದೆ. ನಮ್ಮದು ಆಯಿಯ ಬಾಯಲ್ಲಷ್ಟೇ ಇದೆ. ಹಾಗಾಗಿ ಒಂದು ನೋಟ್‌ಬುಕ್ ಮಾಡಿದ್ದೇನೆ. ದಸರೆಯ ಬನ್ನಿ, ಪ್ರತಿವರ್ಷ ಅಕ್ಟೋಬರ್ 23ರಿಂದ ಮೂರು ದಿನ ನಡೆಯುವ ಕಿತ್ತೂರು ಉತ್ಸವ, ಶೀಗಿ ಹುಣ್ಣಿಮೆಯ ಚರಗ, ಗೌರಿ ಹುಣ್ಣಿಮೆಯ ಆರತಿ, ಚಳಿ ಶುರುವಾದ ಮೇಲೆ ಘಟಪ್ರಭಾ ಪಕ್ಷಿಧಾಮಕ್ಕೆ ಬರುವ ವಲಸೆ ಹಕ್ಕಿಗಳು. ಜೊತೆಗೆ ಯಾಕೆ, ಹೇಗೆ ಎಂದು ಆಯಿ ಹೇಳಿದ್ದು. ಕೊನೆಯ ಪುಟದಲ್ಲಿ ಕಬ್ಬಿನ ಖರ್ಚು, ಕಬ್ಬಿನ ದರ. ನೀವೂ ನಿಮ್ಮೂರಿನದನ್ನು ಬರೆದಿಡಿ. ಕೇಳಲು ಆಯಿ ಇರುವಾಗಲೇ ಬರೆದಿಡಿ.

2026ರಲ್ಲಿ ಶೀಗಿ ಹುಣ್ಣಿಮೆ ಅಕ್ಟೋಬರ್ 26ಕ್ಕೆ. ಜಪಾನಿನ ಚಂದ್ರ ಈ ಸಲ ಒಂದು ತಿಂಗಳು ಮೊದಲೇ ಬರುತ್ತಾನೆ. ಗೆಳತಿ ನಮ್ಮ ತಾರೀಖಿಗೇ ರಜೆ ಕೇಳಿದ್ದಾಳೆ. ಅಪ್ಪ ಇನ್ನೂ ಲಾವಣಿ ಪತ್ರ ಮಾಡಿಲ್ಲ. ‘ಆ ಹುಡುಗಿ ಬರ್ತಾಳಂದ್ರ ಈ ವರ್ಸ ಒಂದು ನೋಡೂನು’ ಎಂದಿದ್ದಾರೆ.